ಶುಕ್ರವಾರ ಸೈಟಿನ ಭವಿಷ್ಯ ಹೇಳುತ್ತಿದ್ದವಳು

ಎಂಬತ್ತರ ದಶಕದ ಆರಂಭದಲ್ಲಿ ನಾನು ಪತ್ರಿಕೆಯೊಂದರ ವರದಿಗಾರ, ಆರ್.ಟಿ. ನಗರದ ಒಂದು ವಠಾರದಲ್ಲಿದ್ದೆ. ಪಕ್ಕದ ಮನೆಯಲ್ಲಿ ಹೊಲಿಗೆಯಿಂದ ಬದುಕುತ್ತಿದ್ದ ಅಕ್ಕ, ತಂಗಿ. ತಂಗಿಗೆ ಇಪ್ಪತ್ತೈದರ ವಯಸ್ಸು. ಮಿಷನ್ ತುಳಿಯುತ್ತಿದ್ದವಳು ಇದ್ದಕ್ಕಿದ್ದಂತೆ ಆರು ವರ್ಷದ ಮಗುವಾಗಿ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಕೆಲವು ಸಲ ಬೆನ್ನು ನೆಟ್ಟಗೆ ಮಾಡಿ, ಗಡಸು ದನಿಯಲ್ಲಿ ಎಲ್ಲರನ್ನೂ ಏಕವಚನದಲ್ಲಿ ಗದರಿಸುತ್ತಿದ್ದಳು. ಆಮೇಲೆ ಎರಡೂ ಅವಳಿಗೆ ನೆನಪಿರುತ್ತಿರಲಿಲ್ಲ.

ಗಡಸು ದನಿ ದೇವಿಯದೆಂದು ವಠಾರ ತೀರ್ಮಾನಿಸಿತು. ಶುಕ್ರವಾರಗಳಂದು ನಿಂಬೆಹಣ್ಣು, ಕುಂಕುಮ ಹಿಡಿದು ಜನ ಸಾಲು ನಿಂತರು. ಎಲ್ಲರದೂ ಒಂದೇ ಪ್ರಶ್ನೆ: ಸರ್ಕಾರದ ಸೈಟು ಯಾವಾಗ ಸಿಗುತ್ತದೆ? ನಿವೃತ್ತ ಗುಮಾಸ್ತರಾದ ಮನೆ ಮಾಲೀಕರು ಅರ್ಜಿಯನ್ನು ಮೂರು ಪ್ರತಿಗಳಲ್ಲಿ ತಂದಿದ್ದರು. ದೇವಿ "ತೊಲಗು" ಎಂದಳು. ಬೈದದ್ದೇ ಮೂಲೆ ಸೈಟಿನ ಸೂಚನೆಯೆಂದು ಅವರು ಮೈಸೂರು ಪಾಕ್ ಹಂಚಿದರು.

ಮಗುವಿನ ಮಾತಿಗೆ ಗಿರಾಕಿಗಳಿರಲಿಲ್ಲ. "ಮಾಮ ಒಡೀತಾನೆ ಕಣಕ್ಕ, ಕತ್ಲೆ ಕೋಣೇಲಿ ಕೂಡಾಕ್ತಾನೆ," ಎಂದು ಅದು ಅಳುವಾಗ, "ಪಾಪ, ದೇವಿ ಇಳಿದು ಸುಸ್ತಾಗಿದೆ," ಎನ್ನುತ್ತ ಎಲ್ಲರೂ ಎದ್ದು ಹೋಗುತ್ತಿದ್ದರು. ನಾನೂ.

ಆ ಸೋದರಮಾವ ಯಲಹಂಕದ ಕಡೆಯವನು. ಹೆತ್ತವರು ಸತ್ತ ಮೇಲೆ ತಂಗಿಯನ್ನು ಸಾಕಿದವನು. ಒಂದು ಶುಕ್ರವಾರ ಕರೆದೊಯ್ಯಲು ಬಂದ. "ಅಳ್ಳಿ ಗಾಳಿಗೆ ಸರೋಯ್ತಾಳೆ. ಬಟ್ಟೆ ಕಟ್ಟವ್ವ." ಹಿರಿಯರಿಗೆ ಎದುರಾಡಿ ಗೊತ್ತಿಲ್ಲದ ಅಕ್ಕ ಚೀಲ ತುಂಬತೊಡಗಿದಳು. "ನಾನ್ ಓಗಲ್ಲ!" ಮಂಚದ ಕೆಳಗಿನಿಂದ ಮಗು ಕೂಗಿತು. ಯಾರೂ ಅಲುಗಲಿಲ್ಲ.

ಮಾವ ಬಗ್ಗಿ ಅವಳ ಕೈ ಹಿಡಿದೆಳೆದ. ಎದ್ದು ನಿಂತವಳು ಬೇರೆಯವಳು.

"ಬಿಡೋ ಕೈ! ಇವಳು ಈ ಹೊಸಿಲು ದಾಟಿದ್ರೆ ಇಲ್ಲಿ ಒಬ್ಬರಿಗೂ ಸೈಟಿಲ್ಲ!"

ವಠಾರಕ್ಕೆ ಅನ್ಯಾಯ ಕಂಡದ್ದು ಆಗ. ಮಾಲೀಕರು ಮಾವನ ಕೊಡೆಯನ್ನು ಅವನ ಕೈಗೇ ಕೊಟ್ಟರು. "ನೋಡಿ ಸ್ವಾಮಿ, ನಮ್ ಫೈಲು ಇನ್ನೇನು ಮೂವ್ ಆಗ್ಬೇಕು. ನೀವು ಮೊದ್ಲು ಬಸ್ ಹಿಡೀರಿ."

"ನಮ್ಮಕ್ಕನ ಮಗಳ್ನ ಕರ್ಕೊಂಡೋಗಾಕೆ ನಿಮ್ಮನ್ಯಾಕ್ರೀ ಕೇಳ್ಬೇಕು?"

"ನಿಮಗೆ ಒಬ್ಬಳೇ ಹುಡುಗಿ ಕಣ್ರೀ. ನಮಗೆ ಹನ್ನೊಂದು ಅರ್ಜಿ!"

ಹತ್ತು ಜನ ಅವನನ್ನು ಸ್ಟಾಪಿನವರೆಗೆ ನಡೆಸಿ ಬಸ್ಸು ಹತ್ತಿಸಿದರು.

ಸಂಜೆ ಅಕ್ಕ ನನ್ನ ಬಾಗಿಲಿಗೆ ಬಂದಳು. "ನಿಮಗೆ ಗೊತ್ತಿರೋ ಡಾಕ್ಟ್ರು ಯಾರಾದ್ರೂ ಇದಾರಾ ಸಾರ್?"

ಸೋಮವಾರ ನಾನು ಅವರಿಬ್ಬರನ್ನೂ ಕರೆದೊಯ್ದ ಆಸ್ಪತ್ರೆಯಲ್ಲಿ ಡಾಕ್ಟರು ಮಗುವನ್ನೇ ಮಾತಾಡಿಸಿದರು. "ಆಮೇಲೆ ಮಾಮ ಏನ್ ಮಾಡಿದ್ರು ಪುಟ್ಟಿ?" ಒಂದು ಗಂಟೆ ಅದು ಹೇಳಿತು, ಅಕ್ಕ ಕೇಳಿದಳು. ಒಬ್ಬಳೇ ತಾಳಲಾರದ್ದನ್ನು ತಾಳಲು ಆ ಮನಸ್ಸು ಮೂವರಾಗಿದೆ ಎಂದರು ಡಾಕ್ಟರು.

ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಕ ಅವಳ ಕೈ ಹಿಡಿದು, "ಇನ್ಮೇಲೆ ಅಲ್ಲಿಗೆ ಕಳ್ಸಲ್ಲ ಕಣೇ," ಎಂದಳು. ಅಷ್ಟರಲ್ಲಿ ಮಗು ಹೋಗಿ ತಂಗಿ ಬಂದಿದ್ದಳು.

"ಎಲ್ಲಿಗೆ?" ಎಂದು ಕೇಳಿದಳು.