ಹರಕೆಯ ಬೆಳ್ಳಿ ನಾಲಿಗೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ನನಗಿಂತ ನನ್ನ ನಾಲಿಗೆಗೇ ಹೆಚ್ಚು ಹೆಸರಿತ್ತು. ಹೊಸದಾಗಿ ಬಂದ ಸೊಸೆಯಂದಿರಿಗೆ ನಳ ಎಲ್ಲಿದೆ, ಗುಡಿ ಎಲ್ಲಿದೆ ಎಂದು ತೋರಿಸುವಾಗ ನನ್ನನ್ನೂ ದೂರದಿಂದಲೇ ತೋರಿಸಿಬಿಡುತ್ತಿದ್ದರು. ನಾನೇನು ಜಗಳಗಂಟಿಯಲ್ಲ. ಕಂಡದ್ದನ್ನು ಹೇಳುತ್ತಿದ್ದೆ, ಅಷ್ಟೇ. ಕಂಡದ್ದು ಕಂಡಂಗ ಹೇಳಿದ್ರ ಕೆಂಡದಂಥ ಕ್ವಾಪ ಅಂತ ಗಾದೆಯೇ ಇದೆಯಲ್ಲ, ಆ ಗಾದೆ ನಮ್ಮ ಮನೆಯಲ್ಲೇ ಹುಟ್ಟಿದ್ದಿರಬೇಕು. ಒಮ್ಮೆ ಅಮೀನಗಡದಲ್ಲಿ ಮಗಳು ನೀರು ಕುಡಿಯಲು ಬಸ್ಸಿನಿಂದ ಇಳಿದಿದ್ದಳು. ಅವಳು ಹತ್ತುವ ಮೊದಲೇ ಸೀಟಿ ಊದಿದ ಕಂಡಕ್ಟರನಿಗೆ ಹುನಗುಂದ ಬರುವವರೆಗೂ ಪಾಠ ಮಾಡಿದೆ. ಮುಂದೆ ಆತ ನನ್ನನ್ನು ಕಂಡರೆ ಸಾಕು, ಕೇಳುವ ಮೊದಲೇ ಸೀಟು ಖಾಲಿ ಮಾಡಿಸುತ್ತಿದ್ದ.

ನನ್ನ ಗಂಡ ಮಾತಿನ ಮನುಷ್ಯನಲ್ಲ. ಪಡಸಾಲೆಯ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವವರು. ನಾನು ಮಾತು ಶುರು ಮಾಡಿದರೆ ಲಾಳಿಯನ್ನು ಜೋರಾಗಿ ಓಡಿಸುತ್ತಿದ್ದರು. ಮಗ್ಗದ ಸಪ್ಪಳ ಏರಿದಷ್ಟೂ ನಾನೂ ದನಿ ಏರಿಸುತ್ತಿದ್ದೆ. ಅತ್ತೆ ಮಾತ್ರ ಈ ಕಷ್ಟವನ್ನು ದೇವರಿಗೆ ಒಪ್ಪಿಸಿದ್ದರು. ಬಾದಾಮಿಯ ಬನಶಂಕರಿ ನಮ್ಮ ನೇಕಾರರ ಮನೆದೇವಿ. "ಯವ್ವಾ, ನನ್ನ ಸೊಸಿ ನಾಲಿಗಿ ತಣ್ಣಗ ಮಾಡು, ನಿನಗ ಬೆಳ್ಳಿ ನಾಲಿಗಿ ಮಾಡಿಸಿ ಏರಸ್ತೇನಿ" ಎಂದು ಹರಸಿಕೊಂಡಿದ್ದರಂತೆ. ಕಣ್ಣು ನೋವಾದವರು ಬೆಳ್ಳಿ ಕಣ್ಣು ಕೊಡುತ್ತಾರೆ, ಕಾಲು ನೋವಾದವರು ಬೆಳ್ಳಿ ಪಾದ ಕೊಡುತ್ತಾರೆ. ಅವರ ಪಾಲಿಗೆ ನೋವು ಇದ್ದದ್ದು ನನ್ನ ಬಾಯಿಯಲ್ಲಿ.

ಆ ನಾಲಿಗೆಯಿಂದ ನಾನು ಒಂದೇ ಒಂದು ದೊಡ್ಡ ಮಾತು ಕೊಟ್ಟಿದ್ದೆ, ಅದೂ ಮಗಳಿಗೆ. ಅವಳು ಸಾಲಿಯಲ್ಲಿ ಚುರುಕು. ಪಿಯುಸಿ ಆದ ಮೇಲೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಿ.ಎಸ್ಸಿ. ಓದಬೇಕು ಎಂಬುದು ಅವಳ ಆಸೆ. ನಮ್ಮ ಮನೆತನದಲ್ಲಿ ಹುಡುಗಿಯರು ಊರು ಬಿಟ್ಟು ಓದಿದ್ದಿಲ್ಲ. "ನಾ ಅದೀನಿ. ಮನ್ಯಾಗ ಯಾರರ ಬ್ಯಾಡ ಅಂದ್ರ ಅವರ ಕೂಡ ನಾ ಮಾತಾಡ್ತೇನಿ, ನೀ ಓದು" ಎಂದಿದ್ದೆ. ಹಾಗೆಂದ ಮೇಲೆ ಅವಳು ಬೇರೆ ಯಾರನ್ನೂ ಕೇಳಲಿಲ್ಲ. ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷಗಳಾಗಿದ್ದ ಕಾಲ ಅದು.

ಅವಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ, ದೀಪಾವಳಿ ಕಳೆದ ಮೇಲೆ, ನನಗೆ ಏನೋ ಆಗತೊಡಗಿತು. ಮೊದಲು ಚಳಿ. ಚಳಿಗಾಲ ಮುಗಿದು ಇಳಕಲ್ಲಿನ ಬಿಸಿಲು ಕಲ್ಲನ್ನು ಕಾಯಿಸುವಾಗಲೂ ನಾನು ಕೌದಿ ಹೊದ್ದು ಕೂರುತ್ತಿದ್ದೆ. ಮೈ ಭಾರವಾಯಿತು, ಮುಖ ಊದಿತು. ಓಣಿಯ ಹೆಂಗಸರು "ಮೈ ಕೈ ತುಂಬಿಕೊಂಡು ಚಂದ ಆಗೀ ನೋಡವಾ" ಎಂದರು. ಎಷ್ಟು ನಿದ್ದೆ ಮಾಡಿದರೂ ಸಾಲದು. ದನಿ ಒಡೆದು ಗೊಗ್ಗರಾಯಿತು. ಕಡೆಗೆ ಮಾತು ನಿಂತಿತು. ನಿಂತಿತು ಎಂದರೆ ಪೂರ್ತಿ ನಿಂತಿತೆಂದಲ್ಲ. ತಲೆಯಲ್ಲಿ ಹುಟ್ಟಿದ ಮಾತು ಬಾಯಿಗೆ ಬರುವಷ್ಟರಲ್ಲಿ ಎದುರಿದ್ದವರು ಎದ್ದು ಹೋಗಿರುತ್ತಿದ್ದರು. ಬಾಯಿ ತುಂಬ ಹಿಟ್ಟಿನ ಮುದ್ದೆ ಇಟ್ಟುಕೊಂಡ ಹಾಗೆ ನಾಲಿಗೆ ದಪ್ಪವಾಗಿತ್ತು.

ಒಂದು ದಿನ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡೆ. ಅಂಚಿನುದ್ದಕ್ಕೂ ಹಲ್ಲಿನ ಗುರುತು, ಸಾಲಾಗಿ. ನಮ್ಮ ಸೀರೆಯ ಸೆರಗಿನಲ್ಲಿ ಹಣಿಗೆಯ ಹಲ್ಲಿನಂತೆ ಒಂದು ಚಿತ್ತಾರ ನೇಯುತ್ತೇವೆ. ಅದನ್ನೇ ಯಾರೋ ನನ್ನ ನಾಲಿಗೆಗೆ ನೇಯ್ದಂತಿತ್ತು. ಗಂಡನಿಗೆ ತೋರಿಸಿದೆ. ಅವರು ಮಗ್ಗ ನಿಲ್ಲಿಸಿ, ಬಗ್ಗಿ, ಸೀರೆಯಲ್ಲಿ ತಪ್ಪು ಹುಡುಕುವಷ್ಟೇ ಶ್ರದ್ಧೆಯಿಂದ ನೋಡಿ, "ಇದು ಬಣ್ಣದ ಕೆಲಸ" ಎಂದು ತೀರ್ಪು ಕೊಟ್ಟರು.

ಅವರ ತೀರ್ಪಿಗೆ ಕಾರಣವಿತ್ತು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಸೆರಗಿಗೆ ಬೇರೆಯೇ ರೇಷ್ಮೆ ಹಾಸು. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಎಳೆ ಜಾರದಿರಲೆಂದು ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಳ್ಳುವುದು ನನ್ನ ರೂಢಿ. ಇಪ್ಪತ್ತು ವರ್ಷಗಳಲ್ಲಿ ಎಷ್ಟು ಕೆಂಪು, ಎಷ್ಟು ಹಸಿರು ಹೊಟ್ಟೆಗೆ ಹೋಗಿದೆಯೋ ಶಿವನೇ ಬಲ್ಲ. ನಾಲಿಗೆಗೆ ಏನಾದರೂ ಆದರೆ ಬಣ್ಣದಿಂದಲೇ ಆಗಬೇಕು, ಇಷ್ಟು ಸುಲಭದ ಲೆಕ್ಕ ನಮ್ಮ ಓಣಿಯಲ್ಲಿ ಎಲ್ಲರಿಗೂ ಬರುತ್ತಿತ್ತು. ಬೆರಳು ಒದ್ದೆ ಮಾಡಿಕೊಳ್ಳಲು ನನ್ನ ಪಕ್ಕದಲ್ಲಿ ನೀರಿನ ಬಟ್ಟಲು ಬಂತು. ಅತ್ತೆ ಒಗರಾದ ಪಟಕಿ ಕಲ್ಲನ್ನು ನೀರಿನಲ್ಲಿ ಕರಗಿಸಿ ಬಾಯಿ ಮುಕ್ಕಳಿಸಲು ಕೊಟ್ಟರು. ಗುರುತು ಮಾಯಲಿಲ್ಲ, ರೊಟ್ಟಿಯ ರುಚಿ ಮಾತ್ರ ಹೋಯಿತು.

ಆದರೆ ಮಾತು ಕಡಿಮೆಯಾದದ್ದಕ್ಕೆ ಬಣ್ಣವನ್ನು ಯಾರೂ ದೂರಲಿಲ್ಲ. ಅದು ದೇವಿಯ ಕೃಪೆ! "ಈಗ ನೋಡ್ರಿ, ಎಷ್ಟ ಶಾಂತ ಆಗ್ಯಾಳ" ಎಂದು ಅತ್ತೆ ಬಂದವರಿಗೆಲ್ಲ ನನ್ನನ್ನು ತೋರಿಸುವರು. ನಾನು ಕೌದಿಯೊಳಗಿಂದ ಅವರನ್ನು ದಿಟ್ಟಿಸುತ್ತಿದ್ದೆ. ಹೇಳಲು ನೂರು ಮಾತಿದ್ದವು. ಒಂದು ಶುಕ್ರವಾರ ಎಲ್ಲರೂ ಬಾದಾಮಿಗೆ ಹೋದೆವು. ಅಕ್ಕಸಾಲಿಗ ಮಾಡಿಕೊಟ್ಟ ಬೆಳ್ಳಿ ನಾಲಿಗೆ ಹೆಬ್ಬೆರಳಿನಷ್ಟಿತ್ತು, ನುಣ್ಣಗೆ, ಅಂಚಿನಲ್ಲಿ ಒಂದು ಗುರುತೂ ಇಲ್ಲ. ಅದನ್ನು ನನ್ನ ಕೈಯಿಂದಲೇ ದೇವಿಗೆ ಏರಿಸಿದರು. ಆಮೇಲೆ ಹೊಂಡದ ಕಟ್ಟೆಯ ಮೇಲೆ ಕೂತು ರೊಟ್ಟಿ, ಶೇಂಗಾಚಟ್ನಿ, ಗಡಿಗೆ ಮೊಸರು. ಅತ್ತೆ ಎರಡು ರೊಟ್ಟಿ ಹೆಚ್ಚೇ ಉಂಡರು.

ಮಗಳ ಪರೀಕ್ಷೆ ಮುಗಿದ ವಾರದಲ್ಲೇ ಅತ್ತೆಯ ತವರಿನ ಕಡೆಯಿಂದ ಸಂಬಂಧ ಬಂತು. ವರ ಹುನಗುಂದದವನು, ಅತ್ತೆಯ ತಮ್ಮನ ಮೊಮ್ಮಗ, ಮನೆಯಲ್ಲಿ ಎರಡು ಪವರ್‌ಲೂಮು. ಹುಡುಗ ಒಳ್ಳೆಯವನೇ, ಸುಳ್ಳು ಹೇಳಬಾರದು. ಒಳ್ಳೆಯದಲ್ಲದ್ದು ಹೊತ್ತು ಮಾತ್ರ. ನನ್ನ ನಾಲಿಗೆ ನೆಟ್ಟಗಿದ್ದಿದ್ದರೆ ಆ ಮಾತು ಹೊಸ್ತಿಲು ದಾಟುತ್ತಿರಲಿಲ್ಲ. ಇಷ್ಟು ವರ್ಷ ಯಾರೂ ಆ ವಿಷಯ ಎತ್ತದಿದ್ದದ್ದು ಅದೇ ಕಾರಣಕ್ಕೆ. ಈಗ ಮನೆ ಶಾಂತವಾಗಿತ್ತಲ್ಲ, ಎಲ್ಲರಿಗೂ ಧೈರ್ಯ ಬಂದಿತ್ತು.

ನಮ್ಮಲ್ಲಿ ಸಂಬಂಧ ಗಟ್ಟಿಯಾಗುವುದು ಕಾಗದದಲ್ಲಲ್ಲ, ಸಕ್ಕರೆಯಲ್ಲಿ. ಎರಡೂ ಕಡೆಯವರು ಕೂತು, ಹುಡುಗಿಯ ತಾಯಿಯನ್ನು ಕೇಳಿ, ಅವಳ ಬಾಯಿಗೆ ಸಕ್ಕರೆ ಹಾಕಿದರೆ ಮುಗಿಯಿತು. ಸಕ್ಕರೆ ತಿಂದ ಬಾಯಿ ಮಾತು ತಪ್ಪಬಾರದು. ಅಂದು ಪಡಸಾಲೆಯಲ್ಲಿ ಅತ್ತೆಯ ತಮ್ಮ ಕೇಳಿದರು, "ತಾಯಿ ಏನಂತಾಳವಾ? ಒಪ್ಪಿಗಿ ಐತೇನು?"

ಮಗಳು ಒಳಗಿನ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬ್ಯಾಡ. ಇಷ್ಟೇ ಇಷ್ಟು ಹೇಳಬೇಕಿತ್ತು. ಆ ಮಾತನ್ನು ತಲೆಯಿಂದ ಗಂಟಲಿಗೆ ತಂದೆ. ಗಂಟಲಿನಿಂದ ಬಾಯಿಗೆ ತಂದೆ. ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ. ತೆರೆದ ಬಾಯಿಗೆ ವರನ ಸೋದರತ್ತೆ ಸಕ್ಕರೆ ಸುರಿದರು. ಎಲ್ಲರೂ "ಛಲೋ ಆತು, ಛಲೋ ಆತು" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ತಾಯಿಗೆ ಸಂತೋಷ ತಡೆಯಲಾಗಲಿಲ್ಲ ಎಂದು ಅದಕ್ಕೂ ಅರ್ಥ ಹೇಳಿದರು.

ಸಂತೋಷಪಡದೆ ಉಳಿದವರು ಆ ಸೋದರತ್ತೆ ಒಬ್ಬರೇ. ಆಕೆ ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಸಕ್ಕರೆಯ ತಟ್ಟೆ ಕೈಯಲ್ಲೇ ಇತ್ತು. "ಯವ್ವಾ, ಇನ್ನೊಮ್ಮೆ ಬಾಯಿ ತಗಿ" ಎಂದರು. ಇನ್ನಷ್ಟು ಸಕ್ಕರೆ ಹಾಕುತ್ತಾರೆ ಎಂದುಕೊಂಡರು ಜನ. ಅವರು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ನಾಲಿಗೆ ನೋಡಿದರು, ಕುತ್ತಿಗೆ ಮುಟ್ಟಿದರು, ಈ ಸೆಖೆಯಲ್ಲಿ ನಾನು ಹೊದ್ದಿದ್ದ ಕೌದಿಯನ್ನೂ ನೋಡಿದರು.

"ಯಾವಾಗಿಂದ ಹಿಂಗದಾಳ ಈಕಿ?"

"ಶಾಂತ ಆಗಿದ್ದಾ? ದೀಪಾವಳಿಯಿಂದ" ಎಂದರು ಅತ್ತೆ, ಹೆಮ್ಮೆಯಿಂದ.

"ಶಾಂತ ಅಲ್ಲಬೇ ಇದು. ನಾಲಿಗಿ ಉಬ್ಬಿ ಹಲ್ಲಿಗೆ ಒತ್ತಾಕತ್ತೈತಿ. ನಾಳಿಗೇ ಬಾಗಲಕೋಟಿಗೆ ಕರಕೊಂಡು ಹೋಗಿ ರಕ್ತ ತಪಾಸ ಮಾಡಸ್ರಿ."

ಬಾಗಲಕೋಟೆಯ ಡಾಕ್ಟರು ನನ್ನ ಮಾತು ಕೇಳಲು ಕೂತರು. ಒಂದು ವಾಕ್ಯ ಮುಗಿಯುವವರೆಗೂ ಕಾಯ್ದ ಮೊದಲ ಮನುಷ್ಯ ಅವರೇ. "ನಾಲಿಗಿ ಮ್ಯಾಲ ಹಲ್ಲಿನ ಗುರುತು ಬಿದ್ದೋರಿಗೆಲ್ಲ ಒಂದ ಬ್ಯಾನಿ ಇರತೈತಿ ಅಂತಲ್ಲ, ಬ್ಯಾರೆ ಕಾರಣಾನೂ ಇರತಾವು. ಆದ್ರ ಚಳಿ, ಭಾರ, ನಿದ್ದಿ, ದನಿ, ಎಲ್ಲಾ ಕೂಡಿಸಿ ನೋಡಿದ್ರ ನನಗ ಥೈರಾಯಿಡ್ ಮ್ಯಾಲ ಸಂಶೆ" ಎಂದರು. ರಕ್ತದ ವರದಿ ಬಂದಾಗ ಅವರ ಸಂಶಯವೇ ಖರೆಯಾಗಿತ್ತು. ಕುತ್ತಿಗೆಯಲ್ಲಿರುವ ಒಂದು ಸಣ್ಣ ಗ್ರಂಥಿ ಕೆಲಸ ಕಡಿಮೆ ಮಾಡಿದ್ದರಿಂದ ಇಡೀ ನಾನೇ ನಿಧಾನವಾಗಿದ್ದೆ.

"ಮಾತು ಇಷ್ಟು ನಿಧಾನ ಆಗಿದ್ದು ಮನ್ಯಾಗ ಯಾರೂ ಗಮನಿಸಲಿಲ್ಲೇನ್ರಿ?" ಎಂದು ಗಂಡನನ್ನು ಕೇಳಿದರು.

ನನ್ನ ಗಂಡ ಪ್ರಾಮಾಣಿಕರು. "ಗಮನಿಸಿದ್ವಿ ಸಾಹೇಬ್ರ" ಎಂದರು. "ಹರಕಿ ತೀರಿಸಿ ಬಂದ್ವಿ."

ಬೆಳಿಗ್ಗೆ ಎದ್ದ ಕೂಡಲೇ, ಚಹಾಕ್ಕಿಂತ ಮೊದಲು, ಒಂದು ಸಣ್ಣ ಗುಳಿಗೆ. ಅತ್ತೆ ಅದನ್ನು ಅನುಮಾನದಿಂದ ನೋಡುತ್ತಿದ್ದರು. ದೇವಿ ಕೊಟ್ಟದ್ದನ್ನು ಸಾಸಿವೆಯಷ್ಟಿರುವ ಗುಳಿಗೆ ಕಸಿದುಕೊಳ್ಳುತ್ತದೆಯೇ ಎಂಬ ಭಯ. "ದಿನಾ ತಗೋಬೇಕೇನು? ಒಂದಿನ ಬಿಟ್ಟು ಒಂದಿನ ತಗೊಂಡ್ರ ಆಗೂದಿಲ್ಲೇನು?" ಎಂದು ಕೇಳಿದ್ದರು. ನನಗೋ ಬೇರೆ ಭಯ. ನಮ್ಮ ಮನೆಯಲ್ಲಿ ನಿಶ್ಚಯದ ಸೀರೆ ಪೇಟೆಯಿಂದ ತರುವುದಿಲ್ಲ, ನಮ್ಮ ಮಗ್ಗದಲ್ಲೇ ನೇಯಬೇಕು. ಆ ಸೀರೆ ಮಗ್ಗದಿಂದ ಇಳಿದ ವಾರ ನಿಶ್ಚಯ ಎಂದು ಮಾತಾಗಿತ್ತು. ಕೊಂಡಿ ಹಾಕಬೇಕಾದವಳು ನಾನೇ. ಮಗಳ ಕಾಲೇಜಿನ ದಾರಿ ಮುಚ್ಚುವ ಸೀರೆಗೆ ನನ್ನ ಕೈಯಿಂದಲೇ ಎಳೆ ಕೂಡಿಸಬೇಕು! ಕೈ ಇನ್ನೂ ಮಂದವಾಗಿತ್ತು. ಅಷ್ಟಿಷ್ಟು ಚುರುಕಾದ ಮೇಲೂ ಮಂದವಾಗಿಯೇ ಇಟ್ಟೆ. ರೋಗಿಯನ್ನು ಯಾರು ಅವಸರಪಡಿಸುತ್ತಾರೆ? ಬ್ಯಾನಿ ನನಗೆ ಮಾಡಿದ ಉಪಕಾರ ಅದೊಂದೇ.

ಆರೇಳು ವಾರ ಕಳೆದಿರಬೇಕು. ಒಂದು ಮುಂಜಾನೆ ಗಂಡ ಬೇರೊಂದು ಸೀರೆ ನೇಯುತ್ತ, ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಿಸುವಾಗ ದಡಿಯ ಕೆಂಪಿಗೆ ಬದಲು ಬೇರೆ ಕೆಂಪು ಹಾಕಿದರು. "ಕಣ್ಣಾಗ ಹತ್ತಿ ಇಟ್ಕೊಂಡೀರೇನು?" ಎಂದೆ. ಒಂದೇ ಉಸಿರಿನಲ್ಲಿ, ತೊಡಕಿಲ್ಲದೆ! ಮಗ್ಗ ನಿಂತಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳವೂ ನಿಂತಿತು. "ಬಂತು" ಎಂದರು ಅತ್ತೆ, ಯಾರೋ ಸತ್ತ ಸುದ್ದಿ ಬಂದಂತೆ. ಗಂಡ ಮಾತ್ರ ತಲೆ ತಗ್ಗಿಸಿ ನಗುತ್ತಿದ್ದರು. ಆ ನಗು ಕಂಡು ನನಗೆ ಅಳು ಬಂತು, ಅಳುತ್ತಲೇ ಇನ್ನೆರಡು ಮಾತು ಬೈದೆ.

ಅದೇ ವಾರ ಅತ್ತೆಯನ್ನೂ ಕರೆದುಕೊಂಡು ಹುನಗುಂದಕ್ಕೆ ಹೋದೆ. "ಸಕ್ಕರಿ ತಿಂದ ಬಾಯಿಲೆ ಬ್ಯಾಡ ಅಂತೀಯೇನು? ಮಂದಿ ಮುಂದ ಹೆಂಗ ಮಾರಿ ತೋರಸೂದು?" ಎಂದು ಅತ್ತೆ ದಾರಿಯುದ್ದಕ್ಕೂ ಗೋಳಾಡಿದರು. ಹಿರಿಯರೆಲ್ಲ ಕೂತಾಗ ನಾನೇ ಹೇಳಿದೆ: "ನಿಮ್ಮ ಹುಡುಗನ ಮ್ಯಾಲ ನಂದೇನೂ ದೂರಿಲ್ರಿ. ಮಗಳು ಓದಬೇಕು. ಅವತ್ತ ನಾ ಬ್ಯಾಡ ಅನ್ನಾಕ ಬಾಯಿ ತಗದಿದ್ದೆ. ನೀವು ಸಕ್ಕರಿ ಹಾಕಿದ್ರಿ."

ಅತ್ತೆಯ ತಮ್ಮನ ಮುಖ ಕೆಂಪಗಾಯಿತು. ಆಗ ಆ ಸೋದರತ್ತೆಯೇ ಹೇಳಿದರು, "ಸಕ್ಕರಿ ಹಾಕಿದಾಕಿ ನಾನು. ಅವತ್ತ ನಾ ಹಾಕಿದ್ದು ಬೀಗತಿ ಬಾಯಾಗಲ್ಲ, ರೋಗಿ ಬಾಯಾಗ. ರೋಗಿ ಕಡಿಂದ ಯಾರಾದ್ರೂ ಮಾತು ತಗೋತಾರೇನು? ಆ ಸಕ್ಕರಿ ಲೆಕ್ಕಕ್ಕಿಲ್ಲ." ಮೂವತ್ತು ವರ್ಷ ಸೂಜಿ ಚುಚ್ಚಿದ ಕೈಯ ಎದುರು ಯಾರು ವಾದಿಸುತ್ತಾರೆ? ಬರುವಾಗ ಬಸ್ಸಿನಲ್ಲಿ ನಾನು ಅತ್ತೆಗೆ, "ಇನ್ನ ಆ ಬೆಳ್ಳಿ ನಾಲಿಗಿ ವಾಪಸ್ ಇಸಕೊಂಡು ಬರ್ರಿ" ಎಂದೆ. "ದೇವಿಗೆ ಕೊಟ್ಟದ್ದು ತಿರುಗಿ ಕೇಳಬಾರದು" ಎಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮಗಳನ್ನು ವಿದ್ಯಾಗಿರಿಯ ಕಾಲೇಜಿಗೆ ಸೇರಿಸಲು ನಾನೇ ಹೋದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡು ಅವಳ ಕೈಗಿಟ್ಟೆ. ಗೆದ್ದು ಬಂದವಳ ಜಂಬ ನನಗಿತ್ತು. ಅಲ್ಲಿಯವರೆಗಿನ ದಾರಿಯುದ್ದಕ್ಕೂ ಹುನಗುಂದದಲ್ಲಿ ನಾನು ಹೇಗೆ ಮಾತಾಡಿದೆ, ಯಾರ ಮುಖ ಹೇಗಾಯಿತು ಎಂದು ವರ್ಣಿಸುತ್ತಲೇ ಇದ್ದೆ. ಅವಳು ಕರದಂಟಿನ ಪೊಟ್ಟಣ ಬಿಚ್ಚದೆ ಕೂತಿದ್ದಳು.

"ಅವ್ವಾ" ಎಂದಳು ಕೊನೆಗೆ. "ಅವತ್ತ ನೀ ಬ್ಯಾಡ ಅನ್ನಾಕ ಬಾಯಿ ತಗದಿದ್ದಿ ಅಂತ, ಅಜ್ಜಿ ಹುನಗುಂದದಿಂದ ಬಂದು ಹೇಳೂತನಕ ನನಗ ಗೊತ್ತ ಇರಲಿಲ್ಲ. ಬಾಗಲ ಹಂತ್ಯಾಕ ನಿಂತು ನಿನ್ನ ನೋಡಾಕತ್ತಿದ್ದೆ. ಸಕ್ಕರಿಗೇ ತಗದಿ ಅಂತ ತಿಳಕೊಂಡಿದ್ದೆ. ಆರೇಳು ವಾರ ಹಂಗ ತಿಳಕೊಂಡ ನಿನ್ನ ಕೂಡ ಉಂಡೆ, ನಿನ್ನ ಬಾಜೂಕ ಮಲಗಿದೆ."

ಮಾತು ಬಂದ ಮೇಲೆ ಓಣಿಯ ಎಲ್ಲರೊಡನೆ ನಾನು ಮಾತಾಡಿದ್ದೆ. ಇವಳಿಗೆ ಆ ಒಂದು ಮಾತು ಹೇಳಬೇಕೆಂದು ಹೊಳೆದಿರಲಿಲ್ಲ. ಬಸ್ಸು ಹೊರಟಿತು. ನಾಲಿಗೆ ತನ್ನ ಜಾಗದಲ್ಲಿ ಹಗುರವಾಗಿಯೇ ಇತ್ತು, ಅಂಚಿನ ಗುರುತುಗಳೂ ಮಾಸಿದ್ದವು. ಬಾಗಲಕೋಟೆ ಬರುವವರೆಗೂ ನಾನು ಒಂದು ಮಾತೂ ಆಡಲಿಲ್ಲ.