ಹನ್ನೊಂದನೇ ರೀಲನ್ನು ಉಳಿಸಿದ ಬಿಸ್ಮಿಲ್ಲಾ ಬಿ

ಭಾನುವಾರ ಬೆಳಗಿನ ಆರು ಗಂಟೆ. ಶಿರಸಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೇ ಟಾಕೀಸಿನ ಮಹಡಿಯ ದೀಪ ಮಾತ್ರ ಉರಿಯುತ್ತಿದೆ. ಇಲ್ಲಿ ಸಿನಿಮಾ ರೀಲು ಪರೀಕ್ಷಿಸಿ ಜೋಡಿಸುವ ಬಿಸ್ಮಿಲ್ಲಾ ಬಿ ಎಡಗೈಯಲ್ಲಿ ರೀಲು ಸುತ್ತುವ ಚಕ್ರದ ಹಿಡಿಕೆ ತಿರುಗಿಸುತ್ತಾರೆ. ಫಿಲ್ಮು ಒಂದು ಚಕ್ರದಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತ, ಬಲಗೈಯ ಎರಡು ಬೆರಳುಗಳ ನಡುವೆ ಜಾರುತ್ತಿದೆ. ಕಣ್ಣು ಕಿಟಕಿಯಾಚೆ ಎಲ್ಲೋ ಇದೆ. ಥಟ್ಟನೆ ಕೈ ನಿಲ್ಲುತ್ತದೆ.

“ಇಲ್ಲಿ ಅಂಚಿನ ತೂತೊಂದು ಹರದದೆ ನೋಡಿ, ಮಿಷಿನ್ ಹಲ್ಲು ಹಿಡಿಯೂದು ಇದ್ರಲ್ಲೇ. ಕಣ್ಣಿಗೆ ಕಾಣೂದಿಲ್ಲ, ಬೆರಳಿಗೆ ಸಿಗ್ತದೆ.”

ಬ್ಲೇಡಿನಿಂದ ಕತ್ತರಿಸಿ, ಅಂಚು ಕೆರೆದು, ಅಂಟು ಸವರಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯುತ್ತಾರೆ. ಒಂದು ಸಿನಿಮಾಕ್ಕೆ ಹದಿನಾಲ್ಕು ರೀಲು, ಹದಿನಾಲ್ಕು ಸಾವಿರ ಅಡಿ. ಅಷ್ಟೂ ಈ ಬೆರಳುಗಳನ್ನು ದಾಟಿಯೇ ಪರದೆಗೆ ಹೋಗಬೇಕು.

ಪ್ರತಿ ತಿಂಗಳ ಮೊದಲ ಭಾನುವಾರ ಹತ್ತು ಗಂಟೆಗೆ ಇಲ್ಲಿ ಹಳೇ ಕಪ್ಪು-ಬಿಳುಪು ಸಿನಿಮಾ. ಮನೆಮನೆಗೆ ಟಿ.ವಿ. ಬಂದಿರುವ ಈ 2003ರಲ್ಲೂ ಉಮ್ಮಚಗಿಯಿಂದ ಜೀಪು ಮಾಡಿಕೊಂಡು ಬರುವವರಿದ್ದಾರೆ. ಊರೂರು ತಿರುಗಿ ಸವೆದ ಆ ಸಿನಿಮಾಗಳ ಪ್ರಿಂಟುಗಳು ಹುಬ್ಬಳ್ಳಿ ಬಸ್ಸಿನಲ್ಲಿ ತಗಡಿನ ಡಬ್ಬಿಯೊಳಗೆ ಬರುತ್ತವೆ.

ಗಂಡ ಅಖ್ತರ್ ಇದೇ ಟಾಕೀಸಿನ ಆಪರೇಟರ್ ಆಗಿದ್ದರು. ಕೊನೆಗಾಲದಲ್ಲಿ ಅವರ ಕೈ ನಡುಗುತ್ತಿತ್ತು. ಊಟದ ಡಬ್ಬಿ ತಂದ ಹೆಂಡತಿಯೇ ಬ್ಲೇಡು ಹಿಡಿಯಬೇಕಾಯಿತು. “ತೊಂಬತ್ತೈದರಲ್ಲಿ ಅವ್ರು ತೀರಿಕೊಂಡ್ರು. ಮಾಲಕರು, ರೀಲು ಜೋಡಿಸ್ಲಿಕ್ಕೆ ನೀನೇ ಬಾ ಅಂದ್ರು. ಹೊಲಿಗೆ ಮಿಷಿನ್ ಬಿಟ್ಟು ಬಂದೆ. ಹೆಂಗಸಿಗೆ ಎಂತಕ್ಕೆ ಈ ಕೆಲಸ ಅಂದವ್ರೂ ಇದ್ರು. ಈಗ ಯಾರೂ ಅನ್ನೂದಿಲ್ಲ.”

ಕಳೆದ ತಿಂಗಳು ಬಂದ ಪ್ರಿಂಟಿನಲ್ಲಿ ಹನ್ನೊಂದನೇ ರೀಲಿನ ಅಂಚು ಮೊಳಗಟ್ಟಲೆ ಕಿತ್ತುಹೋಗಿತ್ತು. ತಾಯಿಯೊಬ್ಬಳು ಮಗುವಿಗೆ ಜೋಗುಳ ಹಾಡುವ ಭಾಗ ಅದು. “ಆ ರೀಲು ಬಿಟ್ಟು ಹಾಕು, ಯಾರಿಗೆ ಗೊತ್ತಾಗ್ತದೆ?” ಎಂದರು ಮಾಲಕರು. ಬಿಸ್ಮಿಲ್ಲಾ ಬಿ ಒಪ್ಪಲಿಲ್ಲ. ರದ್ದಿ ಫಿಲ್ಮಿನ ಅಂಚು ಕತ್ತರಿಸಿ ತೂತಿಗೆ ತೂತು ಕೂಡಿಸಿ ಅಂಟಿಸುತ್ತ ಕೂತರು. ಆಟ ಶುರುವಾದರೆ ಮುಗಿದ ರೀಲು ಸುತ್ತುವ ಕೆಲಸವೂ ಅವರದೇ, ಅಂಟಿಸಲು ಬಿಡುವಿರುವುದಿಲ್ಲ. ಹತ್ತು ಗಂಟೆ ದಾಟಿತು. ಕೆಳಗೆ ಸಿಳ್ಳೆ, ಕೂಗಾಟ. ಈಗಿನ ಆಪರೇಟರ್ ಗಣಪ ಇಳಿದುಹೋಗಿ ಜೋಗುಳದ ರೀಲು ಹರಿದ ವಿಷಯ ಹೇಳಿದ.

ಆಗ ಮುಂದಿನ ಸಾಲಿನಿಂದ ಸುಬ್ಬಲಕ್ಷ್ಮಿ ಎಂಬ ಹಿರಿಯ ಮಹಿಳೆ ಎದ್ದು ನಿಂತು ತಮ್ಮ ಹವ್ಯಕ ಮಾತಿನಲ್ಲಿ ಹೇಳಿದರು. “ಆನು ಆ ಹಾಡು ನೋಡಲೇ ಸಿದ್ದಾಪುರದಿಂದ ಬೈಂದೆ. ತಡ ಆದ್ರೆ ಎಂತ ಆತು? ಕಾಯ್ತೆ.” ಕೂಗಾಟ ತಣ್ಣಗಾಯಿತು.

ನಲವತ್ತು ನಿಮಿಷ ತಡವಾಗಿ ಸಿನಿಮಾ ಶುರುವಾಯಿತು. ಹನ್ನೊಂದನೇ ರೀಲು ಏರಿದಾಗ ಬಿಸ್ಮಿಲ್ಲಾ ಬಿ ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಚಿತ್ರ ಒಮ್ಮೆ ನಡುಗಿತು, ಮತ್ತೊಮ್ಮೆ ನಡುಗಿತು. ಫಿಲ್ಮು ಹರಿಯಲಿಲ್ಲ. ಜೋಗುಳ ಪೂರ್ತಿಯಾಯಿತು.

ಆಟ ಮುಗಿದ ಮೇಲೆ ಸುಬ್ಬಲಕ್ಷ್ಮಿ ಕಬ್ಬಿಣದ ಮೆಟ್ಟಿಲು ಹತ್ತಿ ಬಂದರು. “ಸಿದ್ದಾಪುರದ ಟೆಂಟಿನಲ್ಲಿ ಈ ಸಿನಿಮಾ ನೋಡಕಾದ್ರೆ ಇದೇ ಹಾಡಿಗೆ ರೀಲು ಹರದು ಹೋತು. ಅದ್ನ ಬಿಟ್ಟು ಮುಂದಿಂದು ಹಾಕಿದ್ರು. ಪಕ್ಕದಲ್ಲಿ ಅಮ್ಮ ಇತ್ತು. ಹಾಡು ಸಿಕ್ಕಿದ್ದಿಲ್ಲೆ ಹೇಳಿ ದಾರಿ ತುಂಬಾ ಬೇಜಾರು ಮಾಡಿಕೊಂಡಿತ್ತು. ನಲವತ್ತು ವರ್ಷದ ಮೇಲೆ ಇವತ್ತು ನೋಡಿದೆ, ತಂಗಿ. ಅಮ್ಮನ ಪಾಲಿಂದೂ ಆನೇ ನೋಡಿದೆ,” ಎಂದು ಬಿಸ್ಮಿಲ್ಲಾ ಬಿಯವರ ಎರಡೂ ಕೈ ಹಿಡಿದುಕೊಂಡರು.

“ಕೈಗೆ ಅಂಟಿನ ವಾಸನೆ ಅದೆ ಅಮ್ಮಾ, ಬಿಡಿ ಅಂದೆ. ಅವ್ರು ಬಿಡ್ಲೇ ಇಲ್ಲ,” ಎನ್ನುವಾಗ ಬಿಸ್ಮಿಲ್ಲಾ ಬಿ ಮುಖ ಆಚೆ ತಿರುಗಿಸುತ್ತಾರೆ. ಎಂಟು ವರ್ಷದಲ್ಲಿ ಆ ಮೆಟ್ಟಿಲು ಹತ್ತಿ ಬಂದ ಪ್ರೇಕ್ಷಕರು ಅವರೊಬ್ಬರೇ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮತ್ತೆ ಹಿಡಿಕೆಗೆ ಕೈ ಹಾಕುತ್ತಾರೆ. “ಆ ಪ್ರಿಂಟು ಇಲ್ಲಿಂದ ಹಾವೇರಿಗೆ ಹೋಯ್ತು. ಅಲ್ಲಿಯವ್ರಿಗೂ ಹಾಡು ಪೂರ್ತಿ ಸಿಗ್ಲಿ. ಬೇರೆ ಕಡೆ ಹರದ್ರೆ ನಾ ಹೇಳ್ಲಿಕ್ಕಾಗೂದಿಲ್ಲ. ನಾ ಜೋಡಿಸಿದ್ದಲ್ಲಿ ಹರಿಯೂದಿಲ್ಲ.”