ಘಾಟಿಲ್ಲದ ಮೆಣಸಿನಕಾಯಿ

ಬಣ್ಣ ಜಾಸ್ತಿ, ಖಾರ ಕಮ್ಮಿ ಇರೋ ಹೈಬ್ರಿಡ್ ಮೆಣಸಿನಕಾಯಿ ತಳಿ ಮಾಡೋದು ನನ್ನ ಕೆಲಸ. ಕೊಣನೂರಿನ ಹತ್ತಿರ ಅದನ್ನು ಬೆಳೆದಿದ್ದ ಪುಟ್ಟಮ್ಮನವರ ಮನೆಗೆ ಹೋದಾಗ, ಅವರ ಮೊಮ್ಮಗು ನನ್ನನ್ನು ಕಂಡದ್ದೇ ರಚ್ಚೆ ಹಿಡಿಯಿತು. ಪುಟ್ಟಮ್ಮ ನನ್ನ ತಳಿಯ ಒಣಮೆಣಸಿನಕಾಯಿಯನ್ನೇ ನಿವಾಳಿಸಿ ಒಲೆಗೆ ಹಾಕಿದರು. ಯಾರೂ ಕೆಮ್ಮಲಿಲ್ಲ.

"ಘಾಟೇ ಇಲ್ಲ ಕಣವ್ವ. ಭಾರಿ ದಿಷ್ಟಿ" ಅಂತ ಸೊಸೆಗೆ ಹೇಳಿ, ನನ್ನ ಕಣ್ಣನ್ನೇ ನೋಡಿದರು.

"ಆ ಕಾಯಿಯ ಖಾರ ತೆಗೆದವನು ನಾನೇ ಅಮ್ಮ" ಅಂದೆ.

"ಅಯ್ಯೋ, ಕಾಯಿಗೂ ಬಿದ್ದದಾ ನಿಮ್ ಕಣ್ಣು?"

ಅಟ್ಟದಿಂದ ನಾಟಿ ಮೆಣಸಿನಕಾಯಿ ತಂದು, ಮಗುವಿಗೂ ನನ್ನ ತಳಿಯ ಮೂಟೆಗೂ ನಿವಾಳಿಸಿ ಸುಟ್ಟರು. ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು.

"ದಿಷ್ಟಿ ಓಯ್ತು ಸಾ. ಇನ್ನು ನಿಮ್ ಕಾಯಿಗೂ ಖಾರ ಬತ್ತದೆ" ಅಂದರು ಪುಟ್ಟಮ್ಮ.

ಹಾಗೇನಾದರೂ ಬಂದರೆ ನನ್ನ ಕೆಲಸ ಹೋಗುತ್ತೆ ಅಂತ ಹೇಳೋಣ ಅಂದರೆ, ಕೆಮ್ಮು ಬಿಡಲಿಲ್ಲ.